ಪದ ಬೇಕು: ಕಾರ್ಬೊರೇಟರಿನ ‘ರಿಚ್’ ಮತ್ತು ‘ಲೀನ್’, ಇವತ್ತು ರಾತ್ರಿಯೊಳಗೆ

ಮೈಸೂರಿನಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರವಿದೆ.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ. ಇಲ್ಲಿನ ಕೆಲವು ಗೆಳೆಯರು ಅವತ್ತು ಆ ಹಳೆಯ ಬೈಕುಗಳನ್ನು ಹೊರಗೆ ತೆಗೆಯುತ್ತಾರೆ. ಬಂದವರಿಗೆ ಹಂಚಲು ಎರಡು ಪುಟದ ಹಾಳೆ ಮಾಡುತ್ತಿದ್ದಾರೆ. ಗಾಡಿ ಸ್ಟಾರ್ಟ್ ಆಗದಿದ್ದರೆ, ಸ್ಲೋ (ನಿಂತಾಗ ಎಂಜಿನ್ನಿನ ನಿಧಾನ ಓಟ) ನಿಲ್ಲದಿದ್ದರೆ, ಮಿಸ್ಸಿಂಗ್ ಹೊಡೆದರೆ (ತಡೆದು ತಡೆದು ಓಡಿದರೆ) ಮೊದಲು ಏನು ನೋಡಬೇಕು ಅಂತ. ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದಾರೆ, ಕನ್ನಡಕ್ಕೆ ತರುವ ಕೆಲಸ ನನ್ನದು. ಬೆಳಿಗ್ಗೆ ಒಂಬತ್ತಕ್ಕೆ ಪ್ರೆಸ್ಸಿಗೆ ಕೊಡಬೇಕು.

ಚೋಕ್, ಪ್ಲಗ್ಗು, ಜೆಟ್ಟು ಹಾಗೇ ಇಟ್ಟಿದ್ದೇನೆ. ಸಿಕ್ಕಿಹಾಕಿಕೊಂಡಿರುವುದು ‘ರಿಚ್’ ಮತ್ತು ‘ಲೀನ್’ ಹತ್ತಿರ. ಎಂಜಿನ್ ಒಳಗೆ ಹೋಗುವ ಗಾಳಿಗೆ ಕಾರ್ಬೊರೇಟರಿನಲ್ಲಿ ಬೆರೆಯುವ ಪೆಟ್ರೋಲ್ ಹೆಚ್ಚಾದರೆ ರಿಚ್. ಪ್ಲಗ್ಗು ಮಸಿ ಹಿಡಿಯುತ್ತದೆ. ಕಡಿಮೆಯಾದರೆ ಲೀನ್. ಪ್ಲಗ್ಗು ಬೆಳ್ಳಗಾಗುತ್ತದೆ, ಎಂಜಿನ್ ವಿಪರೀತ ಕಾಯುತ್ತದೆ. ಒಂದು ಕಡೆ ‘ಶ್ರೀಮಂತ ಮಿಶ್ರಣ’ ಅಂತ ನೋಡಿ ನಕ್ಕುಬಿಟ್ಟೆ. ಸದ್ಯಕ್ಕೆ ‘ಗಟ್ಟಿ ಮಿಶ್ರಣ’, ‘ತೆಳು ಮಿಶ್ರಣ’ ಅಂತ ಬರೆದಿದ್ದೇನೆ. ಸರಿಹೋಗುತ್ತದಾ?

ಧಾರವಾಡದಿಂದ:

ಸಾಂದ್ರ, ವಿರಳ. ಶಾಲೆಯ ಬೆಳಕಿನ ಪಾಠದಲ್ಲಿ ಸಾಂದ್ರ ಮಾಧ್ಯಮ, ವಿರಳ ಮಾಧ್ಯಮ ಅಂತ ಎಲ್ಲರೂ ಓದಿದ್ದಾರೆ. ಇದ್ದ ಪದವನ್ನು ಬಿಟ್ಟು ಹುಡುಕುವುದು ಯಾಕೆ?

ಇನ್ನೊಂದು ಮಾತು. ‘ಕಾರ್ಬೊರೇಟರ್’ ತಪ್ಪು. ಮೂಲ ಲ್ಯಾಟಿನ್ನಿನ ‘ಕಾರ್ಬೋ’, ಅಂದರೆ ಇದ್ದಿಲು. ಆದರೆ ನಮಗೆ ಪದ ಬಂದದ್ದು ನೇರವಾಗಿ ಅಲ್ಲಿಂದಲ್ಲ, ಇಂಗ್ಲಿಷಿನ ‘ಕಾರ್ಬ್ಯುರೆಟ್’ ರೂಪದಿಂದ. ಹಾಗಾಗಿ ಕಾರ್ಬ್ಯುರೇಟರ್ ಎಂದೇ ಬರೆಯಬೇಕು. ಅಚ್ಚಾಗುವ ಹಾಳೆಯಲ್ಲಿ ಇಷ್ಟಾದರೂ ಸರಿ ಇರಲಿ.

ಶಿರಸಿಯಿಂದ:

ಸಾಂದ್ರ, ವಿರಳ ಪರೀಕ್ಷೆಗೆ. ಗ್ಯಾರೇಜಿಗೆ ಅಲ್ಲ. ‘ದಟ್ಟ’, ‘ತೆಳು’ ಅನ್ನಿ.

ಇಷ್ಟು ಮಾಡಿದ ಮೇಲೆ ಅರ್ಧಕ್ಕೆ ಯಾಕೆ ನಿಲ್ಲಿಸಬೇಕು? ಪೆಟ್ರೋಲ್ ಅಂದರೆ ‘ಪೆತ್ರ’ ಕಲ್ಲು, ‘ಓಲಿಯಂ’ ಎಣ್ಣೆ. ಕಲ್ಲೆಣ್ಣೆ ಅನ್ನಲು ಏನು ಕಷ್ಟ? ಗಾಳಿ ಮತ್ತು ಎಣ್ಣೆ ಬೆರೆಸುವುದು ಕಾರ್ಬೊರೇಟರಿನ ಕೆಲಸ, ಅದಕ್ಕೆ ‘ಬೆರಕ’ ಸಾಕು. ಫ್ಲೋಟಿಗೆ ‘ಬೆಂಡು’. ಚಿಕ್ಕವರಿದ್ದಾಗ ಬೆನ್ನಿಗೆ ಬೆಂಡು ಕಟ್ಟಿಕೊಂಡೇ ಅಲ್ವಾ ನಾವೆಲ್ಲ ಈಜು ಕಲಿತದ್ದು?

ಮಂಡ್ಯದಿಂದ:

ಬೆಂಡು ಚೆನ್ನಾಗಿದೆ, ಒಪ್ಪಿದೆ. ಕಾರ್ಬೊರೇಟರಿನ ಸಣ್ಣ ತೊಟ್ಟಿಯಲ್ಲಿ ಪೆಟ್ರೋಲ್ ತುಂಬಿದಾಗ ಅದು ಮೇಲೆದ್ದು, ಸೂಜಿಯನ್ನು ಒತ್ತಿ ದಾರಿ ಮುಚ್ಚುತ್ತದೆ. ತೂತು ಬಿದ್ದು ಒಳಗೆ ಪೆಟ್ರೋಲ್ ಸೇರಿದರೆ ಬೆಂಡು ಮುಳುಗುತ್ತದೆ, ಪೆಟ್ರೋಲ್ ಹೊರಗೆ ಸುರಿಯುತ್ತದೆ. ‘ಬೆಂಡು ಮುಳುಗಿದೆ’ ಅಂದರೆ ಯಾರಿಗೆ ಗೊತ್ತಾಗಲ್ಲ?

ಆದರೆ ‘ಬೆರಕ’ ಖಂಡಿತ ಬೇಡ. ನಮ್ಮ ಕಡೆ ಬೆರಕೆ ಅಂದರೆ ಒಂದೋ ಬೆರಕೆ ಸೊಪ್ಪು, ಇಲ್ಲವೇ ಕಲಬೆರಕೆ. ಪೆಟ್ರೋಲ್ ಬಗ್ಗೆ ಬರೆದ ಹಾಳೆಯಲ್ಲಿ ‘ಬೆರಕ ಶುದ್ಧ ಮಾಡಿ’ ಅಂತ ಇದ್ದರೆ ಓದಿದವರು ಬಂಕಿನವರ ಮೇಲೆ ಜಗಳಕ್ಕೆ ಹೋಗುತ್ತಾರೆ.

ಹಾಸನದಿಂದ:

ಮೇಡಂ, ನಿಮ್ಮ ‘ಗಟ್ಟಿ–ತೆಳು’ವನ್ನೂ ಶಿರಸಿಯವರ ‘ದಟ್ಟ–ತೆಳು’ವನ್ನೂ ದಯವಿಟ್ಟು ಹಾಕಬೇಡಿ. ಇದು ರುಚಿಯ ಪ್ರಶ್ನೆ ಅಲ್ಲ. ನನ್ನ ಒಂದು ಪಿಸ್ಟನ್ ಹೋಗಿದೆ.

ಈ ಗಾಡಿಗಳಲ್ಲಿ ಮಿಶ್ರಣ ಎರಡಿವೆ. ಒಂದು ಟ್ಯಾಂಕಿನಲ್ಲಿ: ಪೆಟ್ರೋಲಿಗೆ ಟೂ ಟಿ ಆಯಿಲ್, ಅಂದರೆ ಟೂ ಸ್ಟ್ರೋಕ್ ಎಂಜಿನ್ ಸವೆಯದಂತೆ ಹಾಕುವ ಎಣ್ಣೆ. ಲೀಟರಿಗೆ 40 ಮಿಲಿ ಅನ್ನುವವರಿದ್ದಾರೆ, 30 ಸಾಕು ಅನ್ನುವವರೂ ಇದ್ದಾರೆ. ಎರಡನೆಯದು ಕಾರ್ಬೊರೇಟರಿನಲ್ಲಿ: ಆ ಪೆಟ್ರೋಲಿಗೆ ಗಾಳಿ. ರಿಚ್, ಲೀನ್ ಅನ್ನುವುದು ಎರಡನೆಯದಕ್ಕೆ. ಆದರೆ ಗಾಡಿ ಓಡಿಸುವವರ ಬಾಯಲ್ಲಿ ‘ಮಿಕ್ಸ್’ ಅಂದರೆ ಮೊದಲನೆಯದೇ.

ಕಾಲೇಜಿನ ದಿನಗಳು. ಹಳೆಯ ಟೂ ಸ್ಟ್ರೋಕ್ ಗಾಡಿ ಏರಿನಲ್ಲಿ ಎಳೆಯುತ್ತಿರಲಿಲ್ಲ. ಪ್ಲಗ್ಗು ಬಿಚ್ಚಿ ನೋಡಿದ ಮೆಕ್ಯಾನಿಕ್, ‘ಮಿಕ್ಸ್ ತೆಳ್ಳಗಾಗಿದೆ, ನಾಳೆ ಬಿಟ್ಟು ಹೋಗು’ ಅಂದರು. ನಾನು ಬುದ್ಧಿವಂತ. ತೆಳ್ಳಗಾಗಿದ್ದರೆ ಗಟ್ಟಿ ಮಾಡಿದರಾಯಿತು ಅಂತ ಬಂಕಿನಲ್ಲಿ ಎರಡರಷ್ಟು ಆಯಿಲ್ ಹಾಕಿಸಿದೆ. ಸಾರಿಗೆ ಬೇಳೆ ಹಾಕಿದ ಹಾಗೆ. ಸಕಲೇಶಪುರದ ದಾರಿಯಲ್ಲಿ ಹಿಂದಿನ ಚಕ್ರ ಇದ್ದಕ್ಕಿದ್ದಂತೆ ಹಿಡಿದುಕೊಂಡಿತು. ಕ್ಲಚ್ಚು ಒತ್ತಿದ್ದರಿಂದ ಬೀಳಲಿಲ್ಲ. ಪಿಸ್ಟನ್ ಸೀಜ್, ಅಂದರೆ ಕಾದು ಸಿಲಿಂಡರಿಗೆ ಕಚ್ಚಿಕೊಂಡಿತ್ತು.

ಆಗಿದ್ದು ಇಷ್ಟು. ಗಾಳಿಗೆ ಪೆಟ್ರೋಲ್ ಬಿಡುವುದು ಜೆಟ್ಟಿನ ಸಣ್ಣ ತೂತು. ಅದು ಬಿಡುವುದು ಇಂತಿಷ್ಟೇ. ಅದರೊಳಗೆ ಆಯಿಲ್ ಜಾಸ್ತಿಯಾದರೆ ಪೆಟ್ರೋಲಿನ ಪಾಲು ಕಮ್ಮಿಯಾಗುತ್ತದೆ. ಅಂದರೆ ಆಯಿಲ್ ಸುರಿದಷ್ಟೂ ಗಾಡಿ ಇನ್ನೂ ಲೀನ್! ಅಸಲಿಗೆ ಟ್ಯಾಂಕಿನ ತುಕ್ಕು ಇಳಿದು ಮೇನ್ ಜೆಟ್ಟಿನಲ್ಲಿ ಕೂತಿತ್ತು. ಊದಿದ್ದರೆ ಹೋಗುತ್ತಿತ್ತು. ತಂತಿ ಹಾಕಿ ತಿವಿದರೆ ತೂತು ದೊಡ್ಡದಾಗುತ್ತದೆ, ಅದನ್ನೂ ಹಾಳೆಯಲ್ಲಿ ಬರೆಯಿರಿ.

‘ಪೆಟ್ರೋಲ್ ಜಾಸ್ತಿ’, ‘ಪೆಟ್ರೋಲ್ ಕಮ್ಮಿ’. ಅಷ್ಟೇ. ಯಾವುದು ಜಾಸ್ತಿ ಅನ್ನುವುದು ಪದದಲ್ಲೇ ಇರಬೇಕು.

ಧಾರವಾಡದಿಂದ:

ಅದು ಪದವಲ್ಲ, ವಿವರಣೆ. ಕೇಳಿದ್ದು ಪದ.

ಶಿರಸಿಯಿಂದ:

‘ಜಾಸ್ತಿ’ ಅರಬ್ಬಿಯಿಂದ ಬಂದದ್ದು, ‘ಕಮ್ಮಿ’ ಪಾರಸಿಯಿಂದ. ಎರಡು ಇಂಗ್ಲಿಷ್ ಪದ ತೆಗೆಯಲು ಇನ್ನೆರಡು ಹೊರಗಿನ ಪದ ತಂದಿರಿ. ‘ಹೆಚ್ಚು’, ‘ಕಡಿಮೆ’ ಸತ್ತುಹೋಗಿವೆಯಾ?

ಮಂಡ್ಯದಿಂದ:

ಸ್ವಾಮಿ, ಜಾವಾ ಅನ್ನುವ ಹೆಸರೇ ಬೆರಕೆ. ಚೆಕ್ ದೇಶದ ಯಾನೆಚೆಕ್ (Janeček) ಅನ್ನುವವರ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್ (Wanderer) ಅನ್ನುವ ಜರ್ಮನ್ ಗಾಡಿಯ ಮೊದಲೆರಡು ಅಕ್ಷರ. ಅದು 1961ರಿಂದ ಮೈಸೂರಿನ ಯಾದವಗಿರಿಯಲ್ಲಿ ತಯಾರಾಯಿತು. ನಮ್ಮ ಮಾವ ಅಲ್ಲಿ ಕೆಲಸದಲ್ಲಿದ್ದರು, 1996ರಲ್ಲಿ ಬಾಗಿಲು ಮುಚ್ಚುವವರೆಗೂ. ಮನೆಯಲ್ಲಿ ಅವರು ಆಡುತ್ತಿದ್ದ ಮಾತು ನನಗೆ ನೆನಪಿದೆ. ಜೆಟ್ಟು, ಪ್ಲಗ್ಗು, ಗೇರು, ನಟ್ಟು. ಕೊನೆಗೊಂದು ಉಕಾರ ಹಚ್ಚಿ, ‘ಜೆಟ್ಟಿಗೆ’, ‘ಪ್ಲಗ್ಗಿಂದ’ ಅಂತ ವಿಭಕ್ತಿ ಸೇರಿಸಿದ ಮೇಲೆ ಅದು ಕನ್ನಡವೇ. ಕಲ್ಲೆಣ್ಣೆ ಅಂತ ಒಂದು ದಿನವೂ ಅಂದವರಲ್ಲ.

ಶಿರಸಿಯಿಂದ:

ಆಡುವವರೆಲ್ಲ ಆಡುತ್ತಾರೆ ಅಂತ ಬರೆಯುವವರು ಕೈಕಟ್ಟಿ ಕೂರಬೇಕಾ? ನಮ್ಮ ಹಿರಿಯರು ಕೆರೋಸಿನ್ ಬಂದಾಗ ಕೂಡಲೇ ಸೀಮೆಎಣ್ಣೆ ಅಂದರು. ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು. ಹೊರಗಿನ ವಸ್ತು ಅಂತ ಗುರುತೂ ಉಳಿಯಿತು, ಪದವೂ ನಮ್ಮದಾಯಿತು. ಆ ಚಾಲಾಕಿತನ ನಮಗೆ ಯಾಕಿಲ್ಲ?

ಧಾರವಾಡದಿಂದ:

‘ಚಾಲಾಕಿ’ ಪಾರಸಿ.

ಮಂಗಳೂರಿನಿಂದ:

ಜಗಳದ ನಡುವೆ ಒಂದು ಪದ. ಹಾಳೆಯಲ್ಲಿ ‘ಟ್ಯೂನಿಂಗ್’ ಇದ್ದರೆ ‘ಹದ’ ಬಳಸಿ ನೋಡಿ. ಮಣ್ಣು ಹದಕ್ಕೆ ಬರುತ್ತದೆ, ಬೆಲ್ಲದ ಪಾಕ ಹದಕ್ಕೆ ಬರುತ್ತದೆ. ಗಾಳಿ ಸ್ಕ್ರೂ ಪೂರ್ತಿ ಬಿಗಿದು, ಒಂದೂವರೆ ಸುತ್ತು ಬಿಚ್ಚಿ, ಎಂಜಿನ್ ಸದ್ದು ಕೇಳುತ್ತಾ ಆಚೀಚೆ ತಿರುಗಿಸುವುದು ಪಾಕ ನೋಡಿದ ಹಾಗೇ. ಹಳಗನ್ನಡದಲ್ಲಿ ಇದು ‘ಪದ’. ಪಕಾರ ಹಕಾರವಾಯಿತು. ತಮಿಳಿನಲ್ಲಿ ಇವತ್ತಿಗೂ ಪದಂ.

ಧಾರವಾಡದಿಂದ:

ಸಂಸ್ಕೃತದ ‘ಪದ’ವೇ ಅದು.

ಮಂಗಳೂರಿನಿಂದ:

ಅಲ್ಲ. ಕಿಟ್ಟೆಲ್ ನಿಘಂಟು ತೆಗೆದು ನೋಡಿ, ಆಮೇಲೆ ಬರೆಯಿರಿ.

ಹಾಸನದಿಂದ:

ಮೇಡಂ, ಹಾಳೆಯಲ್ಲಿ ಇ20 ಬಗ್ಗೆ ಏನಾದರೂ ಇದೆಯಾ? ಬಂಕಿನಲ್ಲಿ ಈಗ ಸಿಗುವುದು ನೂರಕ್ಕೆ 20 ಪಾಲು ಎಥನಾಲ್ ಸೇರಿದ್ದು. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿನಲ್ಲಿ ಗಾಡಿ ‘ಪೆಟ್ರೋಲ್ ಕಮ್ಮಿ’ ಕಡೆಗೇ ವಾಲುತ್ತದೆ. ಅದು ನೀರನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ನೀರು ಬೇರ್ಪಟ್ಟು ತಳಕ್ಕೆ ಕೂರುತ್ತದೆ. ನಿಲ್ಲಿಸುವ ಮುಂಚೆ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರಿನಲ್ಲಿ ಇದ್ದದ್ದು ಮುಗಿದು ಎಂಜಿನ್ ತಾನೇ ಆಫ್ ಆಗುವವರೆಗೆ ಓಡಿಸಲಿ. ಇದಕ್ಕೆ ಪದ ಹುಡುಕಬೇಡಿ, ಸುಮ್ನೆ ಹೀಗೇ ಬರೆಯಿರಿ.

ಮೈಸೂರಿನಿಂದ:

ಎಲ್ಲರಿಗೂ ಥ್ಯಾಂಕ್ಸ್. ಹಾಳೆ ಪ್ರೆಸ್ಸಿಗೆ ಹೋಯಿತು. ‘ಪೆಟ್ರೋಲ್ ಹೆಚ್ಚು’, ‘ಪೆಟ್ರೋಲ್ ಕಡಿಮೆ’ ಅಂತ ಹಾಕಿದ್ದೇನೆ. ಮೆಕ್ಯಾನಿಕ್ ಹತ್ತಿರ ಮಾತಾಡಲು ಬೇಕಲ್ಲ ಅಂತ ಮೊದಲ ಸಲ ಬಂದ ಕಡೆ ಮಾತ್ರ ರಿಚ್, ಲೀನ್ ಇವೆ. ಟ್ಯಾಂಕಿನದು ‘ಆಯಿಲ್ ಮಿಕ್ಸ್’, ಬೇರೆ ಹೆಸರು, ಬೇರೆ ಪ್ಯಾರಾ. ‘ಆಯಿಲ್ ಜಾಸ್ತಿ ಹಾಕಿ ಸರಿಮಾಡಲು ಹೋಗಬೇಡಿ’ ಅನ್ನುವುದು ದಪ್ಪ ಅಕ್ಷರದಲ್ಲಿದೆ. ಅಲ್ಲಿ ‘ಜಾಸ್ತಿ’ಯೇ ಉಳಿಯಿತು, ಶಿರಸಿಯವರು ಕ್ಷಮಿಸಬೇಕು. ಫ್ಲೋಟಿನ ಪಕ್ಕ ಬೆಂಡು ಇದೆ. ಹದ ಎರಡು ಕಡೆ ಬಂದಿದೆ.

ಪ್ರೂಫಿನಲ್ಲಿ ಒಂದು ತಪ್ಪು ಹಿಡಿದೆ. ಡಿಟಿಪಿಯವರು ಲೀನ್ ಅನ್ನು ‘ಲೀನ’ ಮಾಡಿದ್ದರು. ‘ಎಂಜಿನ್ ಲೀನವಾದರೆ ಪ್ಲಗ್ಗು ಬಿಚ್ಚಿ ನೋಡಿ’ ಅಂತ ಇತ್ತು.

ಧಾರವಾಡದಿಂದ:

ಕಾರ್ಬ್ಯುರೇಟರ್ ಸರಿಮಾಡಿದಿರಾ?