‘ಬಟ್ಟೆ’ ಎಂದರೆ ದಾರಿಯೂ ಹೌದೇ? ಪದದ ಮೂಲವನ್ನು ಕುರಿತು ಒಂದು ಪ್ರಶ್ನೆ

ಪ್ರಶ್ನೆ ಕೇಳಿದವರು: ಹೊಸ_ಓದುಗ

ಕೆಲವು ತಿಂಗಳಿಂದ ಹಳಗನ್ನಡ ಕಾವ್ಯಗಳನ್ನು, ಗದ್ಯಾನುವಾದವನ್ನು ಪಕ್ಕದಲ್ಲಿಟ್ಟುಕೊಂಡು, ನಿಧಾನವಾಗಿ ಓದುತ್ತಿದ್ದೇನೆ. ಕಾಡಿನಲ್ಲಿ ಒಬ್ಬಂಟಿಯಾಗಿ ಅಲೆಯುವವನೊಬ್ಬನನ್ನು ಕುರಿತು ‘ಬಟ್ಟೆಗೆಟ್ಟು’ ಎಂಬ ಮಾತು ಬಂದಾಗ, ಮುಳ್ಳುಕಂಟಿಗೆ ಸಿಕ್ಕಿ ಅವನ ಉಡುಪು ಹಾಳಾಯಿತೆಂದು ತಿಳಿದು ಎರಡು ಪುಟ ಮುಂದಕ್ಕೆ ಹೋಗಿಬಿಟ್ಟೆ. ಆಮೇಲೆ ಅನುವಾದ ನೋಡಿದರೆ ಅಲ್ಲಿ ‘ದಾರಿ ತಪ್ಪಿ’ ಎಂದಿತ್ತು. ನಿಘಂಟನ್ನು ತೆರೆದಾಗ ‘ಬಟ್ಟೆ’ಗೆ ದಾರಿ, ಮಾರ್ಗ ಎಂಬ ಅರ್ಥವೂ ಇರುವುದು ತಿಳಿಯಿತು.

ನನ್ನ ಸಂದೇಹಗಳು ಇವು. ಉಡುವ ಬಟ್ಟೆಯೂ ನಡೆಯುವ ಬಟ್ಟೆಯೂ ಒಂದೇ ಪದವೇ? ಉದ್ದಕ್ಕೆ ಹಾಸಿದ ಬಟ್ಟೆ ದಾರಿಯಂತೆ ಕಾಣುತ್ತದೆಂಬ ಕಾರಣಕ್ಕೆ ಒಂದರ್ಥದಿಂದ ಇನ್ನೊಂದು ಹುಟ್ಟಿರಬಹುದೇ? ಜೊತೆಗೆ, ‘ಬಟ್ಟೆ’ಯು ‘ವಸ್ತ್ರ’ದ ತದ್ಭವ ಎಂದು ಶಾಲೆಯಲ್ಲಿ ಕೇಳಿದ ನೆನಪಿದೆ. ಅದು ಸರಿಯೇ?

ಉತ್ತರ: ಶಾಸನಾಸಕ್ತ

ಒಂದೇ ಪದವಲ್ಲ. ಒಂದೇ ಉಚ್ಚಾರಣೆಗೆ ಬಂದು ನಿಂತಿರುವ ಎರಡು ಪದಗಳು. ಹಾಸಿದ ಬಟ್ಟೆಯ ಕಲ್ಪನೆ ಚೆನ್ನಾಗಿದೆ, ಆದರೆ ಪದಗಳ ಚರಿತ್ರೆ ಅದಕ್ಕೆ ಒಪ್ಪುವುದಿಲ್ಲ.

ದಾರಿ ಎಂಬರ್ಥದ ‘ಬಟ್ಟೆ’ಯ ಹಿಂದಿರುವುದು ಸಂಸ್ಕೃತದ ‘ವರ್ತ್ಮನ್’. ಪ್ರಾಕೃತದಲ್ಲಿ ಅದರ ‘ರ್ತ್ಮ’ ಎಂಬ ಒತ್ತಕ್ಷರ ಕರಗಿ ‘ಟ್ಟ’ ಆಯಿತು. ಕನ್ನಡಕ್ಕೆ ಬಂದಾಗ ಮೊದಲಿನ ವಕಾರ ಬಕಾರವಾಯಿತು. ಈ ವಕಾರ–ಬಕಾರದ ಬದಲಾವಣೆ ನಮಗೆ ಹೊಸದೇನಲ್ಲ. ವನ ಬನವಾಗಿದೆ, ವರ್ಣ ಬಣ್ಣವಾಗಿದೆ, ವರ್ತಿ ಬತ್ತಿಯಾಗಿದೆ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ವ್ಯಾಕರಣಗ್ರಂಥವಾದ ಶಬ್ದಮಣಿದರ್ಪಣದಲ್ಲಿ ಅಪಭ್ರಂಶಪ್ರಕರಣವೆಂಬ ಒಂದು ಭಾಗವನ್ನೇ ಇಂತಹ ಮಾತುಗಳಿಗೆ ಮೀಸಲಿಟ್ಟಿದ್ದಾನೆ. ಅದೇ ‘ವರ್ತ್ಮನ್’ ಮರಾಠಿಯಲ್ಲಿ ‘ವಾಟ್’ ಆಗಿ, ಹಿಂದಿಯಲ್ಲಿ ‘ಬಾಟ್’ ಆಗಿ ಇಂದಿಗೂ ದಾರಿಯನ್ನೇ ಹೇಳುತ್ತಿದೆ. ಹಿಂದಿಯಲ್ಲಿ ದಾರಿಹೋಕನನ್ನು ‘ಬಟೋಹಿ’ ಎನ್ನುವಂತೆ ಹಳಗನ್ನಡದಲ್ಲಿ ‘ಬಟ್ಟೆಗ’ ಎನ್ನುತ್ತಿದ್ದರು. ಬಟ್ಟೆಗ ಎಂದರೆ ಜವಳಿ ವ್ಯಾಪಾರಿ ಎಂದು ನಾನೂ ಒಂದು ಕಾಲದಲ್ಲಿ ಅರ್ಥಮಾಡಿಕೊಂಡಿದ್ದೆ. ಆದ್ದರಿಂದ ನಿಮ್ಮ ತಪ್ಪಿಗೆ ಸಂಗಾತಿಗಳಿದ್ದಾರೆ.

ಕಾವ್ಯಕ್ಕಿಂತ ಶಾಸನಗಳಲ್ಲಿ ಈ ಪದ ಹೆಚ್ಚು ನೆಲಕ್ಕೆ ಹತ್ತಿರವಾಗಿ ಕಾಣಿಸುತ್ತದೆ. ದತ್ತಿಯಾಗಿ ಕೊಟ್ಟ ಭೂಮಿಯ ನಾಲ್ಕು ದಿಕ್ಕಿನ ಎಲ್ಲೆಗಳನ್ನು ಹೇಳುವಾಗ ಹುತ್ತ, ಹುಣಿಸೆಮರ, ಕೆರೆಯ ಕೋಡಿ, ನೆಟ್ಟ ಕಲ್ಲು ಮೊದಲಾದವುಗಳ ಸಾಲಿನಲ್ಲಿ ‘ಬಟ್ಟೆ’ಯೂ ‘ಹೆಬ್ಬಟ್ಟೆ’ಯೂ ಬರುತ್ತವೆ. ಹಿರಿದು ಎಂಬುದು ಸೇರಿ ಹೆಬ್ಬಾಗಿಲು, ಹೆದ್ದಾರಿ ಆದ ಹಾಗೆ ಹೆಬ್ಬಟ್ಟೆ. ಅದು ಊರಿಂದೂರಿಗೆ ಹೋಗುವ ದೊಡ್ಡ ದಾರಿ.

ಇವು ಎರಡು ಪದಗಳೆಂಬುದಕ್ಕೆ ನೆರೆಯ ತೆಲುಗು ಒಳ್ಳೆಯ ಸಾಕ್ಷಿ. ಅಲ್ಲಿ ವಸ್ತ್ರಕ್ಕೆ ‘ಬಟ್ಟ’, ದಾರಿಗೆ ‘ಬಾಟ’. ಅವರಲ್ಲಿ ಸ್ವರದ ವ್ಯತ್ಯಾಸ ಎರಡನ್ನೂ ಬೇರೆಯಾಗಿ ಇರಿಸಿತು. ನಮ್ಮಲ್ಲಿ ಎರಡೂ ಒಂದೇ ರೂಪಕ್ಕೆ ಇಳಿದವು.

ಉತ್ತರ: ಪದಮೂಲ

ದಾರಿಯ ಮಾತನ್ನು ಮೇಲಿನವರು ಹೇಳಿರುವುದರಿಂದ ನಾನು ಉಡುವ ಬಟ್ಟೆಗೆ ಬರುತ್ತೇನೆ. ನಿಜವಾದ ತೊಡಕು ಇರುವುದು ಇಲ್ಲಿ.

‘ವಸ್ತ್ರ’ದಿಂದ ‘ಬಟ್ಟೆ’ ಬಂದಿದೆ ಎಂಬ ವಿವರಣೆ ಅರ್ಥ ಒಂದೇ ಆಗಿರುವುದರಿಂದ ಸುಲಭವಾಗಿ ನಂಬಿಕೆ ಹುಟ್ಟಿಸುತ್ತದೆ, ಆದರೆ ಧ್ವನಿಯ ಲೆಕ್ಕದಲ್ಲಿ ಎಡವುತ್ತದೆ. ಸಂಸ್ಕೃತದ ‘ಸ್ತ’ ಪ್ರಾಕೃತದಲ್ಲಿ ಸಾಮಾನ್ಯವಾಗಿ ‘ತ್ಥ’ ಆಗುತ್ತದೆ. ಹಸ್ತವು ಹತ್ಥವಾಗಿ ಹಿಂದಿಯ ‘ಹಾಥ್’ಗೆ ದಾರಿಮಾಡಿತು, ವಸ್ತ್ರವೂ ಹಾಗೆಯೇ ‘ವತ್ಥ’ ಆಯಿತು. ಅದರಿಂದ ಕನ್ನಡದಲ್ಲಿ ‘ಬತ್ತ’ದಂತಹ ರೂಪವನ್ನು ನಿರೀಕ್ಷಿಸಬಹುದೇ ಹೊರತು ಟಕಾರವಿರುವ ‘ಬಟ್ಟೆ’ಯನ್ನಲ್ಲ. ನಾಲಗೆಯ ತುದಿ ಹಲ್ಲನ್ನು ಮುಟ್ಟುವ ತಕಾರವು, ಮೇಲಕ್ಕೆ ಮಡಿಚಿ ಉಚ್ಚರಿಸುವ ಟಕಾರವಾಗಲು ಸಾಮಾನ್ಯವಾಗಿ ಪಕ್ಕದಲ್ಲೊಂದು ರೇಫವೋ (ಎಂದರೆ ರಕಾರ) ಋಕಾರವೋ ಬೇಕು. ‘ವರ್ತ್ಮನ್’ನಲ್ಲಿ ರೇಫವು ತಕಾರದ ಮುಂಚೆಯೇ ಇದೆ, ‘ವೃತ್ತ’ದಿಂದ ಬಂದ, ದುಂಡು ಎಂಬರ್ಥದ ‘ಬಟ್ಟ’ದಲ್ಲಿಯೂ ಋಕಾರ ಹಾಗೆಯೇ ಇದೆ. ‘ವಸ್ತ್ರ’ದ ರೇಫ ತಕಾರದ ನಂತರ ಬರುತ್ತದೆ, ಅದು ಆ ಕೆಲಸ ಮಾಡಲಿಲ್ಲವೆಂಬುದಕ್ಕೆ ‘ವತ್ಥ’ವೇ ಸಾಕ್ಷಿ.

ಇನ್ನೊಂದು ಮೂಲವೆಂದರೆ ಪಟ, ಪಟ್ಟ. ಎರಡಕ್ಕೂ ಬಟ್ಟೆ, ಬಟ್ಟೆಯ ಪಟ್ಟಿ ಎಂಬ ಅರ್ಥಗಳಿವೆ; ಟಕಾರವಂತೂ ಮೊದಲಿನಿಂದಲೇ ಇದೆ. ಇಲ್ಲಿನ ಆಕ್ಷೇಪ ಮೊದಲ ಅಕ್ಷರದ್ದು. ಪಕಾರ ಬಕಾರವಾದದ್ದು ಹೇಗೆ? ಕನ್ನಡದಲ್ಲಿ ಪಕಾರ ಹಕಾರವಾಗುವುದು ರೂಢಿ, ಬಕಾರವಾಗುವುದು ಅಪರೂಪ. ಆದರೂ ಒಂದೇ ಅರ್ಥದ ‘ಪುಟ್ಟಿ’ ಮತ್ತು ‘ಬುಟ್ಟಿ’ಗಳಂತಹ ಜೋಡಿ ನಮ್ಮಲ್ಲಿರುವುದರಿಂದ ಇದು ಅಸಾಧ್ಯವೇನಲ್ಲ. ಎರಡು ತೊಡಕುಗಳಲ್ಲಿ ಯಾವುದು ಚಿಕ್ಕದು ಎಂದು ಕೇಳಿದರೆ ನಾನು ಪಟ್ಟದ ಕಡೆಗೆ ನಿಲ್ಲುತ್ತೇನೆ.

ಹಾಗೆ ಒಪ್ಪಿದರೆ ಒಂದು ದೊಡ್ಡ ಕುಟುಂಬವೇ ಎದುರಿಗೆ ಬರುತ್ತದೆ. ರೇಷ್ಮೆಯ ‘ಪಟ್ಟೆಸೀರೆ’ಯ ಪಟ್ಟೆ, ಗಾಯಕ್ಕೆ ಸುತ್ತುವ ಪಟ್ಟಿ, ಅರಸನ ಹಣೆಗೆ ಕಟ್ಟುತ್ತಿದ್ದ ಪಟ್ಟ, ಆ ಕಟ್ಟುವಿಕೆಯಿಂದ ಬಂದ ‘ಪಟ್ಟಾಭಿಷೇಕ’, ಎಲ್ಲವೂ ಅದೇ ಮನೆಯವು. ಬಟ್ಟೆಯ ಮೇಲೆ ಚಿತ್ರ ಬರೆಯುತ್ತಿದ್ದುದರಿಂದ ‘ಪಟ’ ಎಂದರೆ ಚಿತ್ರವೆಂದಾಯಿತು. ಗಾಜಿನ ಹಿಂದೆ ಕಾಗದದ ಮೇಲೆ ಅಚ್ಚಾದ ದೇವರ ಪಟದಲ್ಲಿ ಈಗ ಒಂದು ಎಳೆ ನೂಲೂ ಇಲ್ಲ, ಆದರೂ ಹೆಸರು ನೂಲಿನದ್ದೇ.

ಉತ್ತರ: ಮಗ್ಗದ_ಮನೆ

ನಾನು ಭಾಷೆಯ ಪಂಡಿತನಲ್ಲ, ನೇಕಾರರ ಮನೆಯಲ್ಲಿ ಬೆಳೆದವನು. ಬಟ್ಟೆಗೆ ಕನ್ನಡದ ಸ್ವಂತ ಪದ ಬೇಕೆಂದರೆ ‘ಅರಿವೆ’ಯನ್ನು ನೋಡಬೇಕು. ಉತ್ತರ ಕರ್ನಾಟಕದ ಮಾತಿನಲ್ಲಿ ಅದು ‘ಅರಿವಿ’ಯಾಗಿ ಇನ್ನೂ ಜೀವಂತವಾಗಿದೆ. ಅದರ ಹಳೆಯ ರೂಪ ಶಕಟರೇಫವಿರುವ, ಎಂದರೆ ಹಳಗನ್ನಡದ ‘ಱ’ ಅಕ್ಷರವಿರುವ, ‘ಅಱುವೆ’. ‘ಅಱು’ ಎಂದರೆ ಕಡಿದುಹೋಗು, ತುಂಡಾಗು. ಅಂದರೆ ಕತ್ತರಿಸಿ ತೆಗೆದದ್ದೇ ಅರಿವೆ. ತಮಿಳಿನಲ್ಲಿಯೂ ‘ಅಱುವೈ’ ಎಂಬ ಪದ ಅಲ್ಲಿನ ಅತಿ ಹಳೆಯ ಕಾವ್ಯಗಳ ಸಂಗಂ ಕಾಲದಿಂದ ಇದೆ. ಮಧುರೆಯ ಅಱುವೈ ವಾಣಿಗನ್, ಎಂದರೆ ಬಟ್ಟೆಯ ವ್ಯಾಪಾರಿ, ಎಂದು ಗುರುತಿಸಲಾದ ಕವಿಯೊಬ್ಬನೇ ಇದ್ದಾನೆ. ಇಂದಿನ ತಮಿಳಿನ ‘ತುಣಿ’ಯೂ ಕತ್ತರಿಸುವ ಅರ್ಥದ ಧಾತುವಿನಿಂದಲೇ ಬಂದದ್ದು, ನಮ್ಮ ‘ತುಣುಕು’ ಅದರ ನೆಂಟ.

ಬಟ್ಟೆಗೆ ಕತ್ತರಿಸುವ ಹೆಸರೇಕೆ ಎಂಬುದು ಮಗ್ಗದ ಮುಂದೆ ಕುಳಿತವರಿಗೆ ತಾನಾಗಿ ಹೊಳೆಯುತ್ತದೆ. ಹಾಸಿನ ನೂಲು ಮಗ್ಗದ ಒಂದು ಕಡೆಯಿಂದ ಬಿಚ್ಚಿಕೊಳ್ಳುತ್ತಾ ಬರುತ್ತದೆ, ಲಾಳಿ ಹೊಕ್ಕಿನ ನೂಲನ್ನು ಅಡ್ಡಡ್ಡಲಾಗಿ ಒಯ್ಯುತ್ತದೆ, ನೇಯ್ದ ಭಾಗ ಇನ್ನೊಂದು ಕಡೆ ಸುತ್ತಿಕೊಳ್ಳುತ್ತದೆ. ಅಳತೆ ಮುಗಿದ ದಿನ ಅದನ್ನು ಅಡ್ಡಕ್ಕೆ ಕತ್ತರಿಸಿ ಇಳಿಸುತ್ತಾರೆ. ಮಗ್ಗದಲ್ಲಿ ಉಳಿದ ಎಳೆಗಳ ತುದಿಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಬೆರಳಲ್ಲಿ ಹೊಸೆದು ಕೂಡಿಸುತ್ತಾರೆ, ಅದನ್ನು ‘ಕೆಚ್ಚುವುದು’ ಎನ್ನುತ್ತೇವೆ. ನಮ್ಮ ಮನೆಯಲ್ಲಿ ಈ ಕೆಲಸ ಮಾಡುತ್ತಿದ್ದ ಅಜ್ಜಿಯ ಹೆಬ್ಬೆರಳಿನ ಮೇಲೆ ಬೂದಿಯ ಬಣ್ಣ ಸದಾ ಅಂಟಿರುತ್ತಿತ್ತು. ಎಳೆ ಜಾರದಿರಲು ಬೆರಳಿಗೆ ಬೂದಿ ಹಚ್ಚಿಕೊಳ್ಳುತ್ತಿದ್ದರು. ಕತ್ತರಿ ತಾಗುವವರೆಗೆ ಅದು ನೂಲು ಮತ್ತು ನೇಯ್ಗೆ, ತಾಗಿದ ಮೇಲೆ ಅರಿವೆ. ‘ಹಾಸುಹೊಕ್ಕು’ ಎಂಬ ಮಾತನ್ನು ಎಲ್ಲದಕ್ಕೂ ಬಳಸುವವರಲ್ಲಿ ಎಷ್ಟು ಮಂದಿ ಅದನ್ನು ಮಗ್ಗದ ಮೇಲೆ ನೋಡಿದ್ದಾರೋ!

ಪ್ರತಿಕ್ರಿಯೆ: ಹೊಸ_ಓದುಗ

ಎಲ್ಲರಿಗೂ ವಂದನೆಗಳು. ಒಂದು ಉಪಪ್ರಶ್ನೆ. ಒಂದೇ ಉಚ್ಚಾರಣೆಯ ಎರಡು ಪದಗಳು ಗೊಂದಲ ಮಾಡಿದ್ದರಿಂದಲೇ ದಾರಿಯ ‘ಬಟ್ಟೆ’ ಬಳಕೆಯಿಂದ ಬಿದ್ದುಹೋಯಿತೆನ್ನಬಹುದೇ? ‘ಅರಿವು’ ಮತ್ತು ‘ಅರಿವೆ’ಗೂ ಸಂಬಂಧವಿಲ್ಲವೆಂದು ತಿಳಿದುಕೊಳ್ಳಲೇ?

ಉತ್ತರ: ಶಾಸನಾಸಕ್ತ

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಸಂಬಂಧವಿಲ್ಲ. ‘ಅರಿವು’ ಬಂದದ್ದು ತಿಳಿ ಎಂಬರ್ಥದ ‘ಅಱಿ’ಯಿಂದ, ‘ಅರಿವೆ’ ಬಂದದ್ದು ‘ಅಱು’ವಿನಿಂದ. ಎರಡನೆಯ ಅಕ್ಷರದ ಸ್ವರ ಸವೆದು ಈಗ ಅಕ್ಕತಂಗಿಯರಂತೆ ಕಾಣುತ್ತವೆ.

ಮೊದಲನೆಯದರಲ್ಲಿ, ಗೊಂದಲವೊಂದೇ ಕಾರಣವೆಂದು ಹೇಳಲು ನಾನು ಹಿಂಜರಿಯುತ್ತೇನೆ. ‘ಹತ್ತು’ ಎಂದರೆ ಸಂಖ್ಯೆಯೂ ಹೌದು, ಏರುವುದೂ ಹೌದು. ‘ಆರು’ ಎಂದರೆ ಸಂಖ್ಯೆಯೂ ಹೌದು, ಒಣಗುವುದೂ ಹೌದು. ಇವು ಯಾರಿಗೂ ತೊಂದರೆ ಕೊಡದೆ ಜೊತೆಯಾಗಿ ಬದುಕಿವೆ. ಆದರೆ ‘ಬಟ್ಟೆ’ಗಳೆರಡೂ ನಾಮಪದಗಳು, ಎರಡೂ ದಿನಬಳಕೆಯವು, ಮೇಲಾಗಿ ಪ್ರಯಾಣದ ಮಾತಿನಲ್ಲಿ ಎರಡೂ ಒಟ್ಟಿಗೆ ಬರುವಂಥವು. ಇನ್ನೊಂದೆಡೆ ದಾರಿ, ಹಾದಿ ಎಂಬ ಪದಗಳು ಕೈಗೆಟುಕುವಂತೆ ಇದ್ದುದರಿಂದ ‘ಬಟ್ಟೆ’ಯನ್ನು ಬಿಟ್ಟರೂ ನಷ್ಟವಾಗುತ್ತಿರಲಿಲ್ಲ.

ಉತ್ತರ: ಪದಮೂಲ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಉಡುಪಿನ ಕಡೆಯಲ್ಲಿಯೂ ಸ್ಥಾನಪಲ್ಲಟ ನಡೆದಿದೆ. ‘ಚೀರ’ದಿಂದ ಬಂದ ‘ಸೀರೆ’ ಹಳೆಯ ಬರಹಗಳಲ್ಲಿ ಸಾಮಾನ್ಯವಾಗಿ ಉಡುವ ಬಟ್ಟೆಗೆ ನಿಲ್ಲುತ್ತಿತ್ತು, ಗಂಡಸರೂ ಸೀರೆ ಉಡುತ್ತಿದ್ದರು; ಅದು ಕ್ರಮೇಣ ಹೆಂಗಸರ ಉಡುಗೆಗೆ ಮಾತ್ರ ಸೀಮಿತವಾಯಿತು. ಸಾಮಾನ್ಯ ಅರ್ಥವನ್ನು ಹೊರುವ ಕೆಲಸವನ್ನು ‘ಬಟ್ಟೆ’ ವಹಿಸಿಕೊಂಡಿತು. ‘ಹೊಟ್ಟೆಬಟ್ಟೆ ಕಟ್ಟಿ’ ಮಕ್ಕಳನ್ನು ಓದಿಸಿದರು ಎನ್ನುವಾಗ ಪ್ರಾಸವೂ ಅದರ ಪರವಾಗಿದೆ. ಅಷ್ಟೊಂದು ಕಡೆ ಬೇರೂರಿದ ಪದದ ಪಕ್ಕದಲ್ಲಿ ಇನ್ನೊಂದು ‘ಬಟ್ಟೆ’ಗೆ ಜಾಗ ಕಡಿಮೆಯಾಗಿರಬೇಕು.

ಪ್ರತಿಕ್ರಿಯೆ: ಹೊಸ_ಓದುಗ

ನಾನು ದಾಟಿಹೋಗಿದ್ದ ಆ ಎರಡು ಪುಟಗಳಿಗೆ ಹಿಂತಿರುಗಿದೆ. ‘ಬಟ್ಟೆಗೆಟ್ಟ’ವನು ಮುಂದಿನ ಪದ್ಯದಲ್ಲಿಯೇ ಉಟ್ಟದ್ದನ್ನು ಬಿಗಿದುಕಟ್ಟಿಕೊಂಡು ಮರವೊಂದನ್ನು ಹತ್ತಿ ದಿಕ್ಕು ನೋಡುತ್ತಾನೆ. ಉಡುಪು ಹರಿದುಹೋಗಿದೆಯೆಂದು ನಂಬಿ ಓದುತ್ತಿದ್ದಾಗ ಅವನು ಬಿಗಿದುಕಟ್ಟಿಕೊಂಡದ್ದೇನು ಎಂಬ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ.