ನಾನೇ ಅನುವಾದ ಮಾಡಿದ್ದು, ಆದರೂ ನಕಲಾ?

ಪ್ರಶ್ನೆ (ಎಂ.ಎ. ವಿದ್ಯಾರ್ಥಿನಿ, ಕುಮಟಾ): ಅಘನಾಶಿನಿ ನದಿಯ ಗಜನಿಗಳಲ್ಲಿ (ಉಪ್ಪುನೀರು ನುಗ್ಗುವ ಗದ್ದೆಗಳಲ್ಲಿ) ಬೆಳೆಯುವ ಕಗ್ಗ ಎಂಬ ಭತ್ತದ ತಳಿಯ ಮೇಲೆ ಕಿರುಪ್ರಬಂಧ ಬರೆಯುತ್ತಿದ್ದೇನೆ. ಒಂದು ಇಂಗ್ಲಿಷ್ ಲೇಖನದ ಎರಡು ಪುಟ ನಾನೇ ಕನ್ನಡಕ್ಕೆ ತಂದೆ. ಕೊನೆಯ ಆಕರಗಳ ಪಟ್ಟಿಯಲ್ಲಿ ಅದರ ಹೆಸರೂ ಇದೆ. ಆದರೂ ಗೈಡ್ ಕೃತಿಚೌರ್ಯ ಅಂತ ವಾಪಸ್ ಕೊಟ್ಟರು. ಕನ್ನಡ ನನ್ನದೇ ಅಲ್ವಾ?

ಉತ್ತರ (ನಿವೃತ್ತ ಗ್ರಂಥಪಾಲಕಿ, ಕಾರವಾರ): ಕನ್ನಡ ನಿಮ್ಮದೇ. ಆದರೆ ಗಜನಿಗೆ ಇಳಿದು ನೋಡಿದವರು, ವಿಷಯವನ್ನು ಆ ಕ್ರಮದಲ್ಲಿ ಜೋಡಿಸಿದವರು ಆ ಲೇಖನ ಬರೆದವರು. ನಿಮ್ಮ ಗೈಡ್ ಹೇಳಿದ್ದು ಸರಿ. ಕೊನೆಯ ಪಟ್ಟಿ ನೋಡಿದರೆ ಯಾವ ಮಾತು ಎಲ್ಲಿಂದ ಬಂತು ಅಂತ ಓದುವವರಿಗೆ ಗೊತ್ತಾಗುವುದಿಲ್ಲ. ಮಾತು ಬಂದ ಜಾಗದಲ್ಲೇ ಲೇಖಕರ ಹೆಸರು, ವರ್ಷ, ಪುಟ ಹಾಕಿ. ಪೂರ್ತಿ ವಿವರ ಕೊನೆಯಲ್ಲಿ ಇರಲಿ. ಎರಡು ಪುಟ ಜಾಸ್ತಿಯಾಯಿತು. ಓದಿ, ಮುಚ್ಚಿಟ್ಟು, ಬೇಕಾದಷ್ಟನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ಅವರ ಮಾತೇ ಮುಖ್ಯ ಅನಿಸಿದರೆ ಒಂದೆರಡು ಸಾಲು ಉದ್ಧರಣ ಚಿಹ್ನೆಯೊಳಗೆ ಕೊಟ್ಟು, ‘ಅನುವಾದ ನನ್ನದು’ ಎಂದು ಸೇರಿಸಿ.

ಮರುಪ್ರಶ್ನೆ: ನಕಲು ಹುಡುಕುವ ಸಾಫ್ಟ್‌ವೇರ್‌ನಲ್ಲಿ ಹೋಲಿಕೆ ಶೇ. 10ಕ್ಕಿಂತ ಕಡಿಮೆ ಬಂದರೆ ಸಾಕು ಅಂತಾರೆ. ಇನ್ನೊಂದು, 1883ರ ಬಾಂಬೆ ಗೆಜೆಟಿಯರ್‌ನಲ್ಲಿ (ಬ್ರಿಟಿಷರ ಕಾಲದ ಜಿಲ್ಲಾ ಮಾಹಿತಿ ಗ್ರಂಥ) ಪ್ರವಾಸಿ ಬುಕನನ್ ಹೇಳಿಕೆ ಸಿಕ್ಕಿದೆ. ಮಾಣಿಕಟ್ಟಾದ ಅಜ್ಜಿಯೊಬ್ಬರು ಬೀಜ ಉಳಿಸುವ ಕ್ರಮ ಹೇಳಿದ್ದಾರೆ. ಇವನ್ನು ಹೇಗೆ ಹಾಕಲಿ?

ಉತ್ತರ: ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮದಲ್ಲಿ ಶೇ. 10ರವರೆಗೆ ಶಿಕ್ಷೆಯಿಲ್ಲ. ಅದನ್ನು ದಾಟಿ ಶೇ. 40ರ ಒಳಗಿದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಗರಿಷ್ಠ 6 ತಿಂಗಳಲ್ಲಿ. ಆದರೆ ಯಂತ್ರ ಹುಡುಕುವುದು ಹೋಲುವ ಪದಗಳನ್ನು. ಅನುವಾದ ಮಾಡಿದ್ದು ಅದರ ಕಣ್ಣು ತಪ್ಪಿಸಬಹುದು. ಹಾಗಂತ ಅದು ನಿಮ್ಮದಾಗುವುದಿಲ್ಲ.

ಬುಕನನ್ ಈ ಕಡೆ ಸುತ್ತಿದ್ದು 1801ರಲ್ಲಿ, ಪುಸ್ತಕ ಬಂದದ್ದು 1807ರಲ್ಲಿ. ನೀವು ತೆರೆದದ್ದು ಗೆಜೆಟಿಯರ್ ಮಾತ್ರ. ಹಾಗಾಗಿ ‘ಬುಕನನ್ 1807, ಗೆಜೆಟಿಯರ್ 1883ರಲ್ಲಿ ಉಲ್ಲೇಖಿಸಿದಂತೆ’ ಎಂದು ಬರೆಯಿರಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಮೂಲ ಪುಸ್ತಕವೇ ಉಚಿತವಾಗಿ ಇದೆ. ಒಮ್ಮೆ ತೆರೆದು ನೋಡಿ. ಯಾರೋ ತಪ್ಪು ಹಾಕಿದ ಪುಟಸಂಖ್ಯೆ ಪ್ರಬಂಧದಿಂದ ಪ್ರಬಂಧಕ್ಕೆ ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಅಜ್ಜಿಯ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ‘ಸ್ಥಳೀಯರ ಪ್ರಕಾರ’ ಅಂತ ಬರೆದು ಮುಗಿಸಬೇಡಿ. ವರ್ಷಗಟ್ಟಲೆ ಕೆಸರಿನಲ್ಲಿ ನಿಂತು ಕಲಿತ ವಿದ್ಯೆ ಅದು. ಒಪ್ಪಿಗೆ ಕೇಳಿ ಅವರ ಹೆಸರು, ಊರು, ಮಾತಾಡಿದ ದಿನಾಂಕ ಹಾಕಿ. ಹೆಸರು ಬೇಡ ಎಂದರೆ ‘ಮಾಣಿಕಟ್ಟಾದ ರೈತ ಮಹಿಳೆ, ಸಂದರ್ಶನ’ ಎಂದು ಬರೆದು ದಿನಾಂಕ ಕೊಡಿ. ಆ ಭಾಗ ಬರೆದ ಮೇಲೆ ಒಮ್ಮೆ ಹೋಗಿ ಅವರಿಗೇ ಓದಿ ಹೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ.