ಆಕ್ಸೆಸ್‌ಗೆ ‘ಲಭ್ಯತೆ’ ಸಾಕೇ, ‘ಎಟುಕು’ ಬೇಕೇ?

ಎಲ್ಲರಿಗೂ ನಮಸ್ಕಾರ.

‘ಆಕ್ಸೆಸ್’ ಅನ್ನುವ ಇಂಗ್ಲಿಷ್ ಪದವನ್ನು ಕನ್ನಡಕ್ಕೆ ತರಲು ಹೋಗಿ ಎರಡು ವಾರದಿಂದ ಸಿಕ್ಕಿಹಾಕಿಕೊಂಡಿದ್ದೇನೆ. ಬಲ್ಲವರು ದಾರಿ ತೋರಿಸಬೇಕು.

ನಮ್ಮೂರು ಮದ್ದೂರು ಕಡೆ. ಅಲ್ಲಿನ ಪಂಚಾಯಿತಿ ಗ್ರಂಥಾಲಯವನ್ನು ಈಗ ಅರಿವು ಕೇಂದ್ರ ಅಂತಾರೆ. ಬಿಡುವಿದ್ದಾಗ ಹೋಗಿ ಕೈಲಾದ ಕೆಲಸ ಮಾಡುತ್ತೇನೆ. ಸೆಪ್ಟೆಂಬರ್ 28ಕ್ಕೆ ಅಲ್ಲಿ ಹಂಚಲು ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಯುನೆಸ್ಕೊ 2015ರಲ್ಲಿ ಗೊತ್ತುಮಾಡಿದ ದಿನ ಅದು, 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಒಪ್ಪಿತು. ಅದರ ಇಂಗ್ಲಿಷ್ ಹೆಸರಿನಲ್ಲಿ ‘ಯೂನಿವರ್ಸಲ್ ಆಕ್ಸೆಸ್ ಟು ಇನ್ಫರ್ಮೇಶನ್’ ಅಂತಿದೆ. ಯೂನಿವರ್ಸಲ್‌ಗೆ ‘ಎಲ್ಲರಿಗೂ’ ಅಂದರೆ ಆಯ್ತು. ಆಕ್ಸೆಸ್ ಮಾತ್ರ ಬಗ್ಗುತ್ತಿಲ್ಲ.

ಮೊದಲು ‘ಮಾಹಿತಿಗೆ ಸಾರ್ವತ್ರಿಕ ಪ್ರವೇಶ’ ಅಂತ ಬರೆದೆ. ಗಟ್ಟಿಯಾಗಿ ಓದಿದರೆ ಮೈಸೂರು ಅರಮನೆ ಬಾಗಿಲಲ್ಲಿ ಟಿಕೆಟ್ ಹರಿದು ಒಳಗೆ ಬಿಟ್ಟ ಹಾಗೆ ಕೇಳಿಸಿತು. ಅದನ್ನು ಬಿಟ್ಟೆ. ಆಮೇಲೆ ‘ಲಭ್ಯತೆ’. ಎಲ್ಲ ಕಡೆ ಇದೇ ಬಳಕೆ, ನಾನೂ ಇದನ್ನೇ ಹಾಕಿ ಮುಗಿಸುವವನಿದ್ದೆ. ಹೋದ ತಿಂಗಳು ನಡೆದ ಒಂದು ಸಂಗತಿ ನನ್ನ ಕೈ ತಡೆಯಿತು.

ಒಬ್ಬರು ಅಜ್ಜಿ ಮೊಮ್ಮಗನ ಫೋನ್ ಹಿಡಿದು ಬಂದರು. ಯಾವುದೋ ಕಚೇರಿಯವರು ವೆಬ್‌ಸೈಟಿನಲ್ಲಿ ಫಲಾನುಭವಿಗಳ ಪಟ್ಟಿ ಹಾಕಿದ್ದರು. ಅದರಲ್ಲಿ ತನ್ನ ಹೆಸರಿದೆಯಾ ಅಂತ ನೋಡಬೇಕಿತ್ತು. ಪಟ್ಟಿ ತೆರೆದೆವು. 46 ಪುಟ, ಅಡ್ಡಡ್ಡ ಸ್ಕ್ಯಾನ್ ಮಾಡಿದ್ದು. ಹೆಸರು ಟೈಪ್ ಮಾಡಿ ಹುಡುಕಿದರೆ ಏನೂ ಬರಲಿಲ್ಲ. ಬರುವುದಾದರೂ ಹೇಗೆ, ಅದರಲ್ಲಿದ್ದದ್ದು ಅಕ್ಷರದ ಫೋಟೊ ಅಷ್ಟೆ. ಪಕ್ಕದಲ್ಲಿ ಪಿಯುಸಿ ಓದುವ, ಕಣ್ಣು ಕಾಣದ ಹುಡುಗನೊಬ್ಬ ಕೂತಿದ್ದ. ಅವನ ಫೋನು ತೆರೆದ ಪುಟವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಅವನೂ ಆ ಪಟ್ಟಿ ತೆರೆದ. ಫೋನು ಪುಟದ ನಂಬರ್ ಹೇಳಿ ಸುಮ್ಮನಾಯಿತು. ಅದೇ ಕಚೇರಿಯ ಇನ್ನೊಂದು ಸುತ್ತೋಲೆಯಲ್ಲಿ ಅಕ್ಷರವೇನೋ ಇತ್ತು, ಆದರೆ ಹಳೇ ಫಾಂಟು. ಅದನ್ನು ತೆಗೆದು ವಾಟ್ಸಾಪಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೆರೆಗಳ ರಾಶಿ. ಯಾವ ಫೋನು, ಕಂಪ್ಯೂಟರಿನಲ್ಲಿ ತೆರೆದರೂ ಅಕ್ಷರ ಅಕ್ಷರವಾಗೇ ಉಳಿಯುವಂತೆ ಮಾಡುವ ಸಂಕೇತ ವ್ಯವಸ್ಥೆ ಯುನಿಕೋಡ್. ಅದಕ್ಕೆ ಕನ್ನಡ ಸೇರಿದ್ದು 1991ರ ಮೊದಲ ಆವೃತ್ತಿಯಲ್ಲೇ. ಇಷ್ಟು ವರ್ಷ ಆದಮೇಲೂ ಹೀಗೆ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ.

ಒಂದೊಂದೇ ಪುಟ ತಿರುವಿದೆವು. 31ನೇ ಪುಟದಲ್ಲಿ ಹೆಸರು ಸಿಕ್ಕಿತು. ಅಜ್ಜಿ ಅಂದರು: “ಅದೆ ಕಣಪ್ಪ, ನಂಗೆ ಎಟ್ಕಾಕಿಲ್ಲ ಅಷ್ಟೆಯ.”

ಪಟ್ಟಿ ಲಭ್ಯವಿತ್ತು, ಅಲ್ವಾ? ‘ಲಭ್ಯ’ ಅನ್ನುವುದು ಇಟ್ಟವರ ಕಡೆ ನಿಂತು ಆಡುವ ಮಾತು. ‘ಎಟುಕು’ ಕೈ ಚಾಚಿದವರದು. ಅಟ್ಟದ ಮೇಲೆ ಬೆಲ್ಲದ ಡಬ್ಬಿ ಇದೆ, ಮಗುವಿಗೆ ಎಟುಕಲ್ಲ. ಹಾಗಂದ ಕೂಡಲೇ ಡಬ್ಬಿ ಕೆಳಗಿಳಿಸಬೇಕು, ಇಲ್ಲ ಮಣೆ ಹಾಕಿಕೊಡಬೇಕು ಅನ್ನುವುದು ತಾನಾಗೇ ಹೊಳೆಯುತ್ತದೆ. ಲಭ್ಯತೆಯಲ್ಲಿ ಆ ಹೊಣೆ ಕಾಣುವುದೇ ಇಲ್ಲ.

2005ರ ಮಾಹಿತಿ ಹಕ್ಕು ಕಾಯ್ದೆಗೆ ಈ ಹೊಣೆ ಗೊತ್ತಿದೆ. ಜನಕ್ಕೆ ಸುಲಭವಾಗಿ ಸಿಗುವ ರೂಪದಲ್ಲಿ ಮಾಹಿತಿ ಹರಡಬೇಕು, ಆ ಜಾಗದ ಭಾಷೆಯನ್ನೂ ತಗಲುವ ಖರ್ಚನ್ನೂ ಗಮನದಲ್ಲಿಡಬೇಕು ಅಂತ 4ನೇ ಸೆಕ್ಷನ್ ಹೇಳುತ್ತದೆ. ಬರೆಯಲು ಆಗದವರು ಬಾಯಲ್ಲಿ ಕೇಳಿದರೆ ಅದನ್ನು ಬರಹಕ್ಕಿಳಿಸಲು ಅಧಿಕಾರಿ ನೆರವಾಗಬೇಕು, ಇದು 6ನೇದು. 7ನೇದರಲ್ಲಿ ಕಣ್ಣು, ಕಿವಿಯ ತೊಂದರೆ ಇರುವವರಿಗೆ ಸಹಾಯ ಮಾಡುವ ಮಾತಿದೆ. ಇದನ್ನೆಲ್ಲ ಕರಪತ್ರಕ್ಕೆ ಇಳಿಸುವಾಗ ‘ಮಾಹಿತಿಯನ್ನು ಎಟುಕಿಸಬೇಕು’ ಅಂತ ಬರೆದುಬಿಟ್ಟಿದ್ದೇನೆ. ‘ಎಟುಕಿಸು’ ನಿಮ್ಮ ಕಡೆ ಮಾತಿನಲ್ಲಿ ಇದೆಯೇ? ನನ್ನ ಕಿವಿಗೆ ಸರಿ ಅನಿಸುತ್ತದೆ, ಆದರೆ ಯಾರ ಬಾಯಲ್ಲೂ ಕೇಳಿದ ನೆನಪಿಲ್ಲ.

ಎಟುಕುವಿನಲ್ಲೂ ಒಂದು ತೊಡಕಿದೆ. ಜಾಹೀರಾತಿನವರು ‘ಕೈಗೆಟುಕುವ ಬೆಲೆ’ ಅಂತ ಹೇಳಿ ಹೇಳಿ, ಪದ ಕೇಳಿದರೆ ದುಡ್ಡೇ ನೆನಪಾಗುತ್ತದೆ. ಅದಕ್ಕೇ ಒಬ್ಬ ಗೆಳೆಯರು ‘ದಕ್ಕು’ ಅಂದರು. ಆಸ್ತಿ ದಕ್ಕಿತು, ತಿಂದ ಅನ್ನ ದಕ್ಕಲಿಲ್ಲ, ಹುಟ್ಟಿದ ಕರು ದಕ್ಕಲಿಲ್ಲ. ಕೈಗೆ ಬಂದದ್ದು ನಮ್ಮದಾಗಿ ಉಳಿದರೆ ದಕ್ಕಿದ ಹಾಗೆ. ಸುತ್ತೋಲೆ ಕೈಗೆ ಬಂದು, ಓದಿಯೂ ಅರ್ಥವಾಗದೆ ಹೋದರೆ ಅದು ದಕ್ಕಲಿಲ್ಲ. ನನಗೆ ಬಹಳ ಹಿಡಿಸಿದ ಪದ ಇದು. ಆದರೆ ಇದು ಆಕ್ಸೆಸ್‌ಗಿಂತ ಒಂದು ಹೆಜ್ಜೆ ಮುಂದೆ ಹೋಯಿತೇನೋ.

ಇನ್ನು ಕರಪತ್ರದಲ್ಲಿ ಆಕ್ಸೆಸ್ ಜೊತೆಗೇ ಹೇಳಬೇಕೆಂದಿರುವ ಇನ್ನೊಂದು ಇಂಗ್ಲಿಷ್ ಪದ ‘ಈಕ್ವಿಟಬಲ್’. ಇದಕ್ಕೂ ‘ಸಮಾನ’ ಅಂತಲೇ ಬರೆಯುವುದು ರೂಢಿ. ಅದು ಸಾಲದು ಅಂತ ನಮ್ಮ ಕಡೆಯವರಿಗೆ ನಾಲೆಯೇ ಕಲಿಸಿದೆ. ಕೆಆರ್‌ಎಸ್‌ನಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೆ ಮೇಲಿನವರ ಗದ್ದೆ ಮೊದಲು ತುಂಬುತ್ತದೆ. ಮದ್ದೂರು, ಮಳವಳ್ಳಿಯ ಕೊನೆ ಭಾಗದವರು “ನೀರು ಬುಟ್ಟವ್ರೆ, ನಮ್ಗೆ ಮುಟ್ಟಿಲ್ಲ” ಅಂತಾರೆ. ತೂಬನ್ನು ಎಲ್ಲರಿಗೂ ಅಷ್ಟಷ್ಟೇ ಹೊತ್ತು ತೆರೆದರೆ ಸಮಾನ ಆಯ್ತು. ಆದರೆ ದಾರಿಯಲ್ಲಿ ಇಂಗಿ ಸೋರಿ, ಕೊನೆಯವನಿಗೆ ಬರುವುದು ಕಡಿಮೆ. ಅದನ್ನು ಲೆಕ್ಕ ಹಿಡಿದು ಅವನಿಗೆ ಎರಡು ಗಂಟೆ ಜಾಸ್ತಿ ಕೊಟ್ಟರೆ ಈಕ್ವಿಟಬಲ್. ಇದಕ್ಕೆ ‘ನ್ಯಾಯವಾದ ಪಾಲು’ ಅನ್ನುವ ಮಾತು ನಮ್ಮಲ್ಲೇ ಇದೆ. ಅಜ್ಜಿಗೂ ಆ ಹುಡುಗನಿಗೂ ನನಗೂ ಒಂದೇ ಪಿಡಿಎಫ್ ಕೊಟ್ಟದ್ದು ಸಮಾನ. ನ್ಯಾಯವಾದ ಪಾಲು ಆಗಬೇಕಿದ್ದರೆ ಅಜ್ಜಿಗೆ ಓದಿ ಹೇಳುವವರು ಬೇಕಿತ್ತು, ಅವನಿಗೆ ಯುನಿಕೋಡ್ ಬೇಕಿತ್ತು.

ಸದ್ಯಕ್ಕೆ ತಲೆಬರಹ ಹೀಗಿದೆ: ‘ಮಾಹಿತಿ ಎಲ್ಲರಿಗೂ ಎಟುಕಲಿ, ನ್ಯಾಯವಾಗಿ ಎಟುಕಲಿ’. ಕನ್ನಡಕ್ಕೆ ಕ್ರಿಯಾಪದದಲ್ಲೇ ಬಲ ಜಾಸ್ತಿ ಅಂತ ನನ್ನ ನಂಬಿಕೆ. ಆದರೆ ದಿನದ ಹೆಸರಿಗೆ ನಾಮಪದ ಬೇಕಲ್ಲ. ‘ಎಟುಕುವಿಕೆ’ ಬಾಯಿಗೆ ತೊಡರುತ್ತದೆ. ಬರೀ ‘ಎಟುಕು’ ಅನ್ನುವುದನ್ನೇ ನಾಮಪದ ಮಾಡಿ ‘ಮಾಹಿತಿ ಎಟುಕಿನ ದಿನ’ ಅನ್ನಬಹುದೇ? ಹೊಸದು ಅಂತ ಹೆದರಬೇಕಿಲ್ಲ ಅನಿಸುತ್ತದೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಶುರು ಮಾಡಿದ ರೇಡಿಯೊ ಕೇಂದ್ರದ ‘ಆಕಾಶವಾಣಿ’ ಅನ್ನುವ ಹೆಸರೇ ಮುಂದೆ ಇಡೀ ದೇಶದ ರೇಡಿಯೊಗೆ ನಿಂತಿತು.

ಧಾರವಾಡ, ಕಲಬುರಗಿ, ಕರಾವಳಿಯವರು ಇಂಥ ಕಡೆ ಯಾವ ಪದ ಬಳಸುತ್ತೀರಿ? ನಿಲುಕು, ಎಟಕು, ಇನ್ನೇನಾದರೂ? ಮನೆಯಲ್ಲಿ ಹಿರಿಯರು ಆಡುವ ವಾಕ್ಯವನ್ನೇ ಹಾಗೇ ಬರೆದು ಕಳಿಸಿದರೆ ಇನ್ನೂ ಒಳ್ಳೆಯದು. ಕರಪತ್ರ ಮುಂದಿನ ಸೋಮವಾರ ಮಂಡ್ಯದಲ್ಲಿ ಅಚ್ಚಿಗೆ ಹೋಗಬೇಕು.